ತಪಾಸಣೆ ದ್ರೌಪದಮ್ಮ

ದ್ರೌಪದಮ್ಮ ಆ ಕೆಲಸವನ್ನು ಕೇಳಿಕೊಂಡು ಹೋದವಳಲ್ಲ. ಯಶವಂತಪುರ ಸ್ಟೇಷನ್ನಿನ ಎದುರು ಮಂಕರಿ ಇಳಿಸಿಕೊಂಡು ದಂಟು, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳನ್ನು ಮಾರುತ್ತ ಕೂತಿದ್ದವಳನ್ನು ಒಂದು ಮಧ್ಯಾಹ್ನ ಅಬಕಾರಿ ಇನ್ಸ್‌ಪೆಕ್ಟರು ಒಳಗೆ ಕರೆಸಿದರು. ಹುಬ್ಬಳ್ಳಿ ಕಡೆಗೆ ಹೋಗುವ ಗಾಡಿಯಿಂದ ಒಬ್ಬ ಹೆಂಗಸನ್ನು ಇಳಿಸಿದ್ದರು. ಅವಳ ಮೈಮೇಲೆ ಅಫೀಮು ಇದೆಯೆಂದು ಗುಮಾನಿ. ಹೆಂಗಸಿನ ಮೈಯನ್ನು ಗಂಡಸರು ತಡಕುವ ಹಾಗಿಲ್ಲ, ಇನ್ನೊಬ್ಬ ಹೆಂಗಸೇ ನೋಡಿ ಹೇಳಬೇಕು. ಊರಿನಲ್ಲಿ ಒಳ್ಳೆಯ ಹೆಸರಿದ್ದವಳು, ಯಾರ ಗೊಡವೆಗೂ ಹೋಗದವಳು ಎಂದು ಸ್ಟೇಷನ್ ಮಾಸ್ತರು ಅವಳನ್ನು ತೋರಿಸಿದ್ದರು.

ಆ ದಿನ ಹೆಂಗಸರ ವೇಟಿಂಗ್ ರೂಮಿನ ಬಾಗಿಲು ಹಾಕಿಕೊಂಡು, ಗುರುತು ಪರಿಚಯವಿಲ್ಲದವಳ ಸೆರಗು ಸರಿಸುವಾಗ ತಾನೇ ಬತ್ತಲಾಗಿ ನಿಂತ ಹಾಗೆ ಅನ್ನಿಸಿತು. ಏನೂ ಸಿಗಲಿಲ್ಲ. ಆದರೆ ಅಲ್ಲಿಂದ ಮುಂದೆ ಇಲಾಖೆಯವರು ಬೇಕಾದಾಗಲೆಲ್ಲ ಅವಳಿಗೇ ಹೇಳಿಕಳಿಸತೊಡಗಿದರು. ಜನ ಅವಳಿಗೆ ತಪಾಸಣೆ ದ್ರೌಪದಮ್ಮ ಎಂದೇ ಹೆಸರಿಟ್ಟರು. ಗಂಡ ಮುನಿಗಂಗಪ್ಪನಿಗೆ ಇದು ಹಿಡಿಸಲಿಲ್ಲ. ಮತ್ತಿಕೆರೆ ದಾರಿಯಲ್ಲಿದ್ದ ಅವರ ತೋಟದಲ್ಲಿ ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುತ್ತ, ಹೆಂಡತಿಯನ್ನು ನೋಡಿಯೂ ನೋಡದವನಂತೆ ಇರುತ್ತಿದ್ದ. ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಅವಳು ತನ್ನದೇ ಒಂದು ರೀತಿ ಮಾಡಿಕೊಂಡಳು. ಒಳಗೆ ಬಂದವಳಿಗೆ ಮೊದಲು ನೀರು ಕೊಡುತ್ತಿದ್ದಳು. ಆಮೇಲೆ ತನ್ನ ಎರಡು ಕೈಗಳನ್ನೂ ಚಾಚಿ, ಈ ಕೈಯೇ ಕಣವ್ವ ಮುಟ್ಟೋದು, ಬೇರೆ ಯಾರದ್ದೂ ಅಲ್ಲ ಎಂದು ಹೇಳುತ್ತಿದ್ದಳು. ಸೊಪ್ಪು ಕಿತ್ತು ಕಿತ್ತು ಹಸಿರುಗಟ್ಟಿದ ಆ ಬೆರಳುಗಳನ್ನು ನೋಡಿ ಎಷ್ಟೋ ಹೆಂಗಸರು ಬಿಗಿ ಬಿಟ್ಟು ನಿಲ್ಲುತ್ತಿದ್ದರು. ಅಫೀಮು ಸಿಕ್ಕಿದಾಗ ಅದನ್ನು ತೆಗೆದು ಬೆಂಚಿನ ಮೇಲಿಟ್ಟು, ಸೆರಗು ಸರಿ ಮಾಡಿದ ಮೇಲೆಯೇ ಬಾಗಿಲು ತೆಗೆಯುತ್ತಿದ್ದಳು.

ಸರ್ಕಾರ ಅಫೀಮಿನ ಅಂಗಡಿಗಳಿಗೆ ಬಾಗಿಲು ಹಾಕಿಸಿದ ಕಾಲ ಅದು. ಆಗ ಹೊಸದಾಗಿ ವರ್ಗವಾಗಿ ಬಂದಿದ್ದ ಇನ್ಸ್‌ಪೆಕ್ಟರ್ ಉಪೇಂದ್ರರಾಯರು ಕುಮಟೆಯ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಗಾಡಿ ತಡವಾದ ದಿನಗಳಲ್ಲಿ ಅವರು ದ್ರೌಪದಮ್ಮನಿಗೆ ಈ ಸರಕಿನ ಹಾದಿಯನ್ನು ಬಿಡಿಸಿ ಹೇಳುತ್ತಿದ್ದರು. ಉತ್ತರದಿಂದ ಬಂದ ಅಫೀಮು ಬೆಂಗಳೂರಿನಲ್ಲಿ ಸಣ್ಣ ಸಣ್ಣ ಬಿಲ್ಲೆಗಳಾಗುತ್ತದೆ. ಹೆಂಗಸರ ಮೈಗೆ ಕಟ್ಟಿಕೊಂಡು ಹುಬ್ಬಳ್ಳಿಗೆ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದು ಕಾರವಾರಕ್ಕೆ ಹೋಗುತ್ತದೆ. ಅಲ್ಲಿ ಮೀನಿನ ದೋಣಿಗಳು ಅದನ್ನು ಪೋರ್ಚುಗೀಸರ ಗೋವೆಗೆ ದಾಟಿಸುತ್ತವೆ. ಗೋವೆಯಿಂದ ಹಡಗು ಹತ್ತಿ ಎಲ್ಲಿಗೋ ಹೋಗುತ್ತದೆ. ಬರುವಾಗ ಅದೇ ದೋಣಿಗಳಲ್ಲಿ ಚಿನ್ನದ ಗಟ್ಟಿಗಳು, ಕೈಗಡಿಯಾರಗಳು ಬರುತ್ತವೆ. ಇದನ್ನೆಲ್ಲ ಆಡಿಸುವವನು ಕಡಲ ಕಡೆಯಲ್ಲಿ ಎಲ್ಲೋ ಇದ್ದಾನೆ, ಅವನ ಕೆಳಗಿನವರು ಅವನನ್ನು ಧಣಿ ಎನ್ನುತ್ತಾರೆ, ಮುಖ ನೋಡಿದವರು ಮಾತ್ರ ಯಾರೂ ಸಿಕ್ಕಿಲ್ಲ ಎಂದು ರಾಯರು ಹೇಳಿದ್ದರು. ಸಮುದ್ರವನ್ನೇ ಕಾಣದ ದ್ರೌಪದಮ್ಮನಿಗೆ ಅದೆಲ್ಲ ಬೇರೆ ಯಾವುದೋ ದೇಶದ ಮಾತಿನಂತೆ ಕೇಳುತ್ತಿತ್ತು.

ಹೀಗಿರುವಾಗ ಒಂದು ಸಂಜೆಯ ಗಾಡಿಗೆ ಲಕ್ಕಮ್ಮ ಬಂದಳು.

ಇಪ್ಪತ್ತೈದರ ಆಸುಪಾಸಿನ ಹೆಂಗಸು, ಬಸುರಿ. ರಾಯರಿಗೆ ಯಾಕೋ ಸಂಶಯ ಬಂದು ಇಳಿಸಿದ್ದರು. ದ್ರೌಪದಮ್ಮ ನೀರು ಕೊಟ್ಟಳು, ಕುಡಿಯಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟಾಗ ಬಟ್ಟೆಯ ಸುತ್ತಿನೊಳಗೆ ಬಿಲ್ಲೆಗಳ ಅಂಚು ಬೆರಳಿಗೆ ತಾಗಿತು. ಸುತ್ತನ್ನು ಸ್ವಲ್ಪ ಸಡಿಲಿಸಿ ಇನ್ನೂ ಒಳಗೆ ಕೈ ಹಾಕಿದಳು. ಅಲ್ಲಿ ಮಗು ಹೊರಳಿತು. ಬಸಿರು ವೇಷವಾಗಿರಲಿಲ್ಲ. ನಿಜವಾದ ಬಸಿರಿನ ಮೇಲೆಯೇ ಅಫೀಮನ್ನು ಬಿಗಿದಿದ್ದರು.

ದ್ರೌಪದಮ್ಮ ಕೈ ಹಿಂದಕ್ಕೆ ತೆಗೆದಳು. ಲಕ್ಕಮ್ಮ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ತುಟಿ ಅಲ್ಲಾಡಿದರೂ ಕಾಣದಷ್ಟು ಮೆಲ್ಲಗೆ ಹೇಳಿದಳು.

"ಅಕ್ಕಾ, ನನ್ ಮಗ್ಳು ಅವ್ರತ್ರ ಅವ್ಳೆ. ನಾನು ಇದ್ನ ಮುಟ್ಟಿಸ್ದೆ ಇದ್ರೆ ಮಗ್ಳು ನಂಗೆ ಸಿಗಾಕಿಲ್ಲ."

ಅವಳು ಅಬ್ಬಿಗೆರೆಯವಳು. ಗಂಡ ಲಾರಿಯಲ್ಲಿ ಕ್ಲೀನರಾಗಿದ್ದು, ಇದೇ ಸರಕು ಸಾಗಿಸುವಾಗ ಕಾರವಾರದಲ್ಲಿ ಸಿಕ್ಕಿಬಿದ್ದು ಜೈಲಿನಲ್ಲಿದ್ದ. ಅವನಿಗೆ ವಕೀಲರನ್ನು ಇಡುತ್ತೇವೆ, ಅಲ್ಲಿಯವರೆಗೆ ಮಗು ನಮ್ಮ ಮನೆಯಲ್ಲಿ ಉಂಡುಕೊಂಡಿರಲಿ ಎಂದು ಬಂದ ಸರಕಿನ ಕಡೆಯವರು ಅವಳ ಐದು ವರ್ಷದ ಜಯಾಳನ್ನು ಕರೆದುಕೊಂಡು ಹೋಗಿದ್ದರು. ಈ ಒಂದು ಸಲ ಹೋಗಿಬಂದರೆ ಮಗಳನ್ನು ಒಪ್ಪಿಸುತ್ತೇವೆ ಎಂದಿದ್ದರು. ಇಷ್ಟನ್ನು ಅವಳು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು.

ಹೊರಗೆ ರಾಯರ ಬೂಟಿನ ಸದ್ದು ಅತ್ತಿಂದಿತ್ತ ಓಡಾಡುತ್ತಿತ್ತು. ಗಾಡಿ ಕೂಗಿತು. ದ್ರೌಪದಮ್ಮ ಸಡಿಲವಾದ ಸುತ್ತನ್ನು ತಾನೇ ಮತ್ತೆ ಬಿಗಿದು, ಸೆರಗು ಹೊದಿಸಿ, ಬಾಗಿಲು ತೆಗೆದಳು. ತುಂಬಿದ ಬಸುರಿ ಸ್ವಾಮಿ, ಬೇರೆ ಏನೂ ಇಲ್ಲ ಎಂದಳು. ಆ ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಭಯವಾಯಿತು.

ವಾರ ಕಳೆಯುವುದರೊಳಗೆ ತೋಟದ ಬೇಲಿಯ ಹತ್ತಿರ ಒಬ್ಬ ದೊಡ್ಡ ಮನುಷ್ಯ ಬಂದು ನಿಂತ. ಕಂಟ್ರಾಕ್ಟರ್ ವೆಂಕಟಸ್ವಾಮಿ. ಬಿಳಿ ಪಂಚೆ, ಹಣೆಯಲ್ಲಿ ನಾಮ, ತುಮಕೂರು ರಸ್ತೆಯ ದಾಸರಹಳ್ಳಿಯಲ್ಲಿ ಇದ್ದಲಿನ ಡಿಪೋ ಇಟ್ಟವನು. ರಾಮೋತ್ಸವಕ್ಕೆ ಪಾನಕ ಹಂಚಿಸುವ ಮನುಷ್ಯ ಎಂದೇ ಊರಿಗೆ ಗೊತ್ತು. ಮುನಿಗಂಗಪ್ಪ ಬಾವಿಯ ಆಚೆ ಬದಿಯಲ್ಲಿದ್ದ. ವೆಂಕಟಸ್ವಾಮಿ ಸೊಪ್ಪಿನ ಮಡಿಗಳನ್ನು ಹೊಗಳಿದ, ಈ ವರ್ಷದ ಮಳೆಯ ಮಾತಾಡಿದ. ಆಮೇಲೆ ಅದೇ ದನಿಯಲ್ಲಿ ಅಂದ.

"ಆ ಬಸುರಿ ಹೆಂಗ್ಸನ್ನ ಬಿಟ್ಟು ಪುಣ್ಯ ಕಟ್ಕೊಂಡ್ಯಮ್ಮ. ಇನ್ಮೇಲೂ ಕೆಲವರು ಬರ್ತಾರೆ. ಎಡಗೈಗೆ ಒಂದೇ ಒಂದು ಕರಿಬಳೆ ಹಾಕಿರ್ತಾರೆ. ಅವರನ್ನೂ ಹಂಗೇ ಕಳ್ಸಿಕೊಡು."

ನನ್ನ ಕೈಲಾಗಲ್ಲ ಎಂದು ದ್ರೌಪದಮ್ಮ ಹೇಳಿದಳು. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ರಾಯರಿಗೆ ನೀನು ಮಾಡಿದ್ದು ಗೊತ್ತಿಲ್ಲ ತಾನೇ, ಗೊತ್ತಾಗುವುದೂ ಬೇಡ ಎಂದ. ನಿನ್ನ ಗಂಡ ಒಬ್ಬನೇ ಬಾವಿಯ ಅಂಚಿನಲ್ಲಿ ನಿಂತಿರುತ್ತಾನೆ, ಕಾಲು ಜಾರಿದರೆ ಕೂಗಿದರೂ ಯಾರಿಗೂ ಕೇಳಿಸಲಿಕ್ಕಿಲ್ಲ ಎಂದ. ಹೋಗುವಾಗ ಎರಡು ಕಟ್ಟು ಸಬ್ಬಸಿಗೆ ಕೊಂಡು ಕಂಕುಳಲ್ಲಿ ಇಟ್ಟುಕೊಂಡು ಹೋದ.

ಆಮೇಲೆ ಕರಿಬಳೆಯ ಹೆಂಗಸರು ಇಬ್ಬರು ಬಂದರು. ಬೇರೆ ಬೇರೆ ದಿನ. ದ್ರೌಪದಮ್ಮ ಇಬ್ಬರನ್ನೂ ಬಿಟ್ಟಳು. ಕೋಣೆಯೊಳಗೆ ಅವಳು ಅವರನ್ನು ಮುಟ್ಟಲೂ ಇಲ್ಲ, ಗೋಡೆಗೆ ಮುಖ ಮಾಡಿ ನಿಂತಿದ್ದು ಬಾಗಿಲು ತೆಗೆದಳು. ರಾಯರು ಅವಳ ಮಾತನ್ನು ನಂಬಿ ತಲೆಯಾಡಿಸಿದರು. ಆ ನಂಬಿಕೆ ಅವಳನ್ನು ಕೊರೆಯುತ್ತಿತ್ತು. ಗಂಡ ಬಾವಿಯ ಹತ್ತಿರ ಹೋದಾಗಲೆಲ್ಲ ಕಳೆ ಕೀಳುವುದನ್ನು ಬಿಟ್ಟು ಎದ್ದು ನಿಂತು ನೋಡುತ್ತಿದ್ದಳು. ದಾರಿಯಲ್ಲಿ ಸೈಕಲ್ ಗಂಟೆ ಕೇಳಿದರೆ ತಿರುಗಿ ನೋಡುತ್ತಿದ್ದಳು. ಹೆಚ್ಚು ಎತ್ತರವಿಲ್ಲದ, ಕೆಂಪು ಟವೆಲಿನ ಒಬ್ಬ ಸೈಕಲ್ಲಿನವನು ಸ್ಟೇಷನ್ನಿನಲ್ಲೂ ತೋಟದ ದಾರಿಯಲ್ಲೂ ಆಗಾಗ ಕಾಣಿಸಿಕೊಳ್ಳುತ್ತಿದ್ದ.

ಒಂದು ಬೆಳಗ್ಗೆ ಲಕ್ಕಮ್ಮ ತೋಟಕ್ಕೇ ನಡೆದುಕೊಂಡು ಬಂದಳು. ಕಾಲು ಊದಿದ್ದವು. ಸರಕನ್ನು ಕಾರವಾರಕ್ಕೆ ಮುಟ್ಟಿಸಿ ಬಂದಿದ್ದಳು. ಮಗಳನ್ನು ಮಾತ್ರ ಕೊಟ್ಟಿರಲಿಲ್ಲ. ಇನ್ನೊಂದು ಸಲ ಎಂದಿದ್ದರಂತೆ. ಹೆರಿಗೆಗೆ ಮುಂಚೆ ಇನ್ನೊಂದು ಸಲ, ಬಸುರಿಯಾದರೆ ಯಾರೂ ತಡೆಯುವುದಿಲ್ಲ ಎಂದು. ಹೇಳುತ್ತ ಹೇಳುತ್ತ ಅವಳು ಮೆಂತ್ಯದ ಮಡಿಯ ಮೇಲೇ ಕುಸಿದು ಕೂತಳು.

ದ್ರೌಪದಮ್ಮನಿಗೆ ಆಗ ಎಲ್ಲ ತಿಳಿಯಾಗಿ ಕಂಡಿತು. ತಾನು ಸುಳ್ಳು ಹೇಳಿದ್ದು ಮಗುವಿಗಾಗಿ. ಆ ಸುಳ್ಳಿನಿಂದ ಮಗು ಬರಲಿಲ್ಲ, ತಾನೂ ಅವರ ಕೈಗೆ ಸಿಕ್ಕಿದ್ದಾಯಿತು. ಮಗಳನ್ನು ಎಲ್ಲಿಟ್ಟಿದ್ದಾರೆ ಎಂದು ಕೇಳಿದಳು. ದಾಸರಹಳ್ಳಿಯ ಇದ್ದಲಿನ ಡಿಪೋದ ಹಿಂದಿನ ಮನೆ ಎಂದು ಕಾಣುತ್ತದೆ, ತನ್ನನ್ನು ಒಳಗೆ ಬಿಟ್ಟಿಲ್ಲ ಎಂದು ಲಕ್ಕಮ್ಮ ಹೇಳಿದಳು. ಮಗಳ ಬಲಗಿವಿಯ ಹಾಲೆ ಹರಿದಿದೆ, ಓಲೆ ಎಳೆದುಕೊಂಡು ಹರಿದದ್ದು ಎಂದೂ ಹೇಳಿದಳು.

ಮರುದಿನ ದ್ರೌಪದಮ್ಮ ಮಂಕರಿ ಹೊತ್ತು ತುಮಕೂರು ರಸ್ತೆ ಹಿಡಿದಳು. ದಾಸರಹಳ್ಳಿಯ ಬೀದಿಗಳಲ್ಲಿ ಸೊಪ್ಪೋ ಎಂದು ಕೂಗುತ್ತ, ಕಂಡ ಕಂಡ ಮನೆಗೆ ಅಗ್ಗಕ್ಕೆ ಕೊಡುತ್ತ ಡಿಪೋದ ಹಿಂಬದಿಗೆ ಬಂದಳು. ಸೊಣ್ಣಮ್ಮ ಎಂಬ ಮುದುಕಿ ಬಾಗಿಲು ತೆಗೆದಳು. ಹಿತ್ತಲಲ್ಲಿ ಇದ್ದಲು ಮೂಟೆಗಳ ಸಾಲು. ಅವುಗಳ ನಡುವೆ ನಾಲ್ಕೈದು ಮಕ್ಕಳು ಕೂತು ಇದ್ದಲು ಪುಡಿಯನ್ನು ಜರಡಿ ಹಿಡಿಯುತ್ತಿದ್ದರು. ಮುಖವೆಲ್ಲ ಕಪ್ಪು, ಕಣ್ಣು ಮಾತ್ರ ಕೆಂಪಗೆ. ಯಾವ ಮಗುವೂ ಮಾತಾಡುತ್ತಿರಲಿಲ್ಲ. ದ್ರೌಪದಮ್ಮ ಸೊಪ್ಪಿನ ಕಟ್ಟುಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತ ಹೊತ್ತು ತಳ್ಳಿದಳು. ಒಂದು ಹುಡುಗಿ ತಲೆಯೆತ್ತಿ ಹಸಿರು ಸೊಪ್ಪನ್ನೇ ನೋಡಿತು. ಬಲಗಿವಿಯ ಹಾಲೆ ಸೀಳಿತ್ತು.

ಎಲ್ಲಾ ನಿಮ್ಮ ಮೊಮ್ಮಕ್ಕಳೇನಮ್ಮ ಎಂದು ದ್ರೌಪದಮ್ಮ ಸಹಜವಾಗಿ ಕೇಳಿದಳು. ಸೊಣ್ಣಮ್ಮ ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಮಕ್ಕಳನ್ನು ಗದರಿಸಿ ಒಳಗೆ ಅಟ್ಟಿ ಚಿಲಕ ಹಾಕಿದಳು. ನಿನ್ನ ಯಾವತ್ತೂ ಈ ಕಡೆ ನೋಡಿಲ್ಲವಲ್ಲ ಎಂದಳು. ಮತ್ತಿಕೆರೆಯಲ್ಲಿ ಈ ಸಲ ಸೊಪ್ಪು ಜಾಸ್ತಿ ಬಂದಿದೆ, ಅದಕ್ಕೆ ದೂರ ಬಂದೆ ಎಂದು ದ್ರೌಪದಮ್ಮ ಮಂಕರಿ ಎತ್ತಿಕೊಂಡಳು. ಬೀದಿ ತಿರುಗುವವರೆಗೂ ಹಿಂತಿರುಗಿ ನೋಡಲಿಲ್ಲ.

ಗಂಡನಿಗೆ ಅವತ್ತು ಎಲ್ಲವನ್ನೂ ಹೇಳಿದಳು. ಮುನಿಗಂಗಪ್ಪ ಹಗ್ಗ ಹೊಸೆಯುತ್ತಿದ್ದವನು ಕೈ ನಿಲ್ಲಿಸಲಿಲ್ಲ. ಹೊಸಕೋಟೆಗೆ, ನಿನ್ನ ತೌರಿಗೆ ಹೋಗಿಬಿಡೋಣ ಎಂದು ಮೊದಲು ಹೇಳಿದ. ಆಮೇಲೆ ಹಗ್ಗವನ್ನು ಪಕ್ಕಕ್ಕಿಟ್ಟು, ಆ ಮಕ್ಕಳು ನಿಜವಾಗಿಯೂ ಜರಡಿ ಹಿಡಿಯುತ್ತಿದ್ದವಾ ಎಂದು ಕೇಳಿದ. ಹೌದೆಂದಳು. ಅವನು ಎದ್ದು ಅಂಗಿ ಹಾಕಿಕೊಂಡ.

"ನಡಿ, ಸಾಯೇಬ್ರಿಗೆ ಏಳಾನ. ನಾನೂ ಬತ್ತೀನಿ."

ರಾಯರು ಸ್ಟೇಷನ್ನಿನ ಹಿಂದೆ ಒಂದು ಕೋಣೆ ಮಾಡಿಕೊಂಡಿದ್ದರು. ದ್ರೌಪದಮ್ಮ ನಿಂತುಕೊಂಡೇ ಹೇಳಿದಳು. ಮೊದಲನೆಯವಳನ್ನು ಬಿಟ್ಟದ್ದು, ಆಮೇಲಿನ ಇಬ್ಬರು, ವೆಂಕಟಸ್ವಾಮಿ, ಕಾವಲಿಗೆ ತಿರುಗುವ ಸೈಕಲ್ಲಿನವನು, ದಾಸರಹಳ್ಳಿಯ ಹಿತ್ತಲು. ರಾಯರ ಮುಖ ಬಿಳಿಚಿಕೊಂಡಿತು. ನಿಮ್ಮೊಬ್ಬರ ಮಾತಿನ ಮೇಲೆ ನಾನು ಎಷ್ಟು ಜನರನ್ನು ಕಳಿಸಿಬಿಟ್ಟೆ ಎಂದರು. ಕಾನೂನಿನ ಪ್ರಕಾರ ನಿಮ್ಮನ್ನೂ ಅವರ ಜೊತೆ ನಿಲ್ಲಿಸಬೇಕಾಗುತ್ತದೆ ಎಂದರು.

"ನಿಲ್ಸಿ ಸ್ವಾಮಿ. ಮೊದ್ಲು ಆ ಮಕ್ಕಳ್ನ ಆಚೆಗೆ ತಂದ್ಬುಡಿ."

ರಾಯರು ಕಿಟಕಿಯ ಕಡೆ ತಿರುಗಿ ನಿಂತರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಇಬ್ಬರನ್ನೂ ಕೂರಿಸಿ ಯೋಚನೆ ಮಾಡತೊಡಗಿದರು. ಸ್ಟೇಷನ್ನಿನಲ್ಲಿ ಹೆಂಗಸರನ್ನು ಮೊದಲು ಹಿಡಿದರೆ ಸೈಕಲ್ಲಿನವನು ದಾಸರಹಳ್ಳಿಗೆ ಓಡುತ್ತಾನೆ, ಮಕ್ಕಳು ಕಾಣೆಯಾಗುತ್ತಾರೆ. ಡಿಪೋಗೆ ಮೊದಲು ನುಗ್ಗಿದರೆ ಹೆಂಗಸರು ಬರುವುದೇ ಇಲ್ಲ, ವೆಂಕಟಸ್ವಾಮಿಯ ಮೇಲೆ ಹೊರಿಸಲು ಏನೂ ಉಳಿಯುವುದಿಲ್ಲ. ಎರಡೂ ಒಟ್ಟಿಗೆ ಆಗಬೇಕು. ಲಕ್ಕಮ್ಮ ಹೇಳಿಹೋಗಿದ್ದಂತೆ ಅವಳು ಮತ್ತೆ ಗಾಡಿಗೆ ಬರುವ ದಿನ ಪೊಲೀಸರು ದಾಸರಹಳ್ಳಿಗೆ ಹೋಗುವುದು, ಹೆಂಡತಿ ಹೇಳಿದ ಗುರುತು ಹಿಡಿದು ಮನೆ ತೋರಿಸಲು ಮುನಿಗಂಗಪ್ಪ ಜೊತೆಗಿರುವುದು ಎಂದಾಯಿತು. ಮಕ್ಕಳು ಸಿಕ್ಕಿದರೆಂದು ಅಲ್ಲಿನ ಠಾಣೆಯಿಂದ ಸ್ಟೇಷನ್ ಮಾಸ್ತರಿಗೆ ಫೋನು ಬರುತ್ತದೆ. ಆಗ ಪೇದೆ ವೇಟಿಂಗ್ ರೂಮಿನ ಬಾಗಿಲಿಗೆ ಬಂದು, ನೀರು ಬೇಕೇನಮ್ಮ ಎಂದು ಕೇಳುತ್ತಾನೆ. ಅಲ್ಲಿಯವರೆಗೆ ಬಾಗಿಲು ತೆಗೆಯಬಾರದು, ಹೊರಗಿನವನಿಗೆ ಅನುಮಾನವೂ ಬರಬಾರದು. ಅಷ್ಟು ಹೊತ್ತು ಒಳಗೆ ಏನು ಮಾಡುತ್ತೀರಿ ಎಂದು ರಾಯರು ಕೇಳಿದರು. ಆ ಹೊತ್ತಿಗೆ ಏನು ತೋಚುತ್ತದೋ ಅದು ಎಂದಳು ದ್ರೌಪದಮ್ಮ.

ಆ ಸಂಜೆ ಪ್ಲಾಟ್‌ಫಾರಂ ತುಂಬಿತ್ತು. ಕೆಂಪು ಟವೆಲಿನವನು ನೀರಿನ ನಲ್ಲಿಯ ಹತ್ತಿರ ಬೀಡಿ ಸೇದುತ್ತ ನಿಂತಿದ್ದ. ರಾಯರು ಎಂದಿನಂತೆ ಇಬ್ಬರು ಹೆಂಗಸರನ್ನು ಬೇರೆ ಮಾಡಿ ಕಳಿಸಿದರು. ಒಬ್ಬಳು ಲಕ್ಕಮ್ಮ. ಇನ್ನೊಬ್ಬಳು ಕೌಸಲ್ಯಾ ಎಂದು ಹೆಸರು ಹೇಳಿದಳು. ರೇಷ್ಮೆ ಕುಪ್ಪಸ, ಕಾಲಿಗೆ ಚಪ್ಪಲಿ, ನೋಡಿದರೆ ಮೇಷ್ಟ್ರ ಹೆಂಡತಿ ಎನ್ನಬೇಕು. ಇಬ್ಬರ ಎಡಗೈಯಲ್ಲೂ ಒಂದೊಂದು ಕರಿಬಳೆ. ಕೌಸಲ್ಯಾ ಒಳಗೆ ಬಂದವಳೇ ಬೆಂಚಿನ ಮೇಲೆ ಕೂತು, ಬೇಗ ಬಾಗಿಲು ತೆಗಿ, ಗಾಡಿ ಬರೋ ಹೊತ್ತಾಯ್ತು ಎಂದಳು. ಲಕ್ಕಮ್ಮನ ಜೊತೆ ಅವಳನ್ನು ಕಳಿಸಿದ್ದು ಸರಕಿಗಿಂತ ಹೆಚ್ಚಾಗಿ ಕಾವಲಿಗೆ ಎಂದು ದ್ರೌಪದಮ್ಮನಿಗೆ ತಿಳಿಯಿತು.

ಅವಳು ಲಕ್ಕಮ್ಮನ ಹತ್ತಿರ ಹೋಗಿ ತಪಾಸಣೆ ಮಾಡುವವಳ ಹಾಗೆ ಸೊಂಟಕ್ಕೆ ಕೈಯಿಟ್ಟಳು. ಕಿವಿಯ ಬಳಿ ಬಾಗಿ ಉಸುರಿದಳು.

"ನೋವು ಬಂದಂಗೆ ಮಾಡು. ಜಯಾನ ಕರ್ಕೊಂಡ್ ಬರಾಕೆ ಓಗವ್ರೆ."

ಲಕ್ಕಮ್ಮ ಅವಳ ಮುಖ ನೋಡಿದಳು. ನಂಬಬೇಕೋ ಬೇಡವೋ ಎಂದು ಅಳೆಯುವ ನೋಟ. ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ಮೊದಲ ನರಳಾಟ ಸಣ್ಣದು, ಎರಡನೆಯದು ಪ್ಲಾಟ್‌ಫಾರಮ್ಮಿಗೆ ಕೇಳುವಷ್ಟು ದೊಡ್ಡದು. ದ್ರೌಪದಮ್ಮ ಬಾಗಿಲ ಸಂದಿನಿಂದ ಹೊರಗೆ ಕೂಗಿ, ಬಸುರಿಗೆ ನೋವು ಕಾಣಿಸಿಕೊಂಡಿದೆ, ಗಂಡಸರು ದೂರ ಇರಿ ಎಂದಳು. ಹೊರಗಿನ ಹೆಂಗಸರು ಗುಂಪು ಕಟ್ಟಿದರು, ಯಾರೋ ಸೂಲಗಿತ್ತಿಯನ್ನು ಕರೆಸಿ ಎಂದರು. ಸಂದಿನಲ್ಲಿ ಕೆಂಪು ಟವೆಲು ಕಂಡಿತು. ಅವನು ನಲ್ಲಿಯ ಹತ್ತಿರದಿಂದ ಕದಲಿರಲಿಲ್ಲ, ಕತ್ತು ಮಾತ್ರ ಈ ಕಡೆಗೆ ತಿರುಗಿತ್ತು.

ಗಾಡಿ ಬಂದು ನಿಂತಿತು. ಪೇದೆ ಬರಲಿಲ್ಲ.

ಕೌಸಲ್ಯಾ ಎದ್ದಳು. ಇವಳು ಇಲ್ಲೇ ಬಿದ್ದಿರಲಿ, ನಾನು ಹೊರಟೆ ಎಂದಳು. ದ್ರೌಪದಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ನಿನ್ನದು ಇನ್ನೂ ನೋಡಿಲ್ಲವಲ್ಲ ಎಂದಳು. ಕೌಸಲ್ಯಾಳ ಕಣ್ಣು ಸಣ್ಣಗಾದವು. ಅವಳು ಲಕ್ಕಮ್ಮನನ್ನೊಮ್ಮೆ, ದ್ರೌಪದಮ್ಮನನ್ನೊಮ್ಮೆ ನೋಡಿದಳು.

"ಏನ್ ಆಟ ಕಟ್ಟಿದೀಯ ನೀನು? ಬಾಗ್ಲು ತೆಗಿ."

ದ್ರೌಪದಮ್ಮ ಕದಲಲಿಲ್ಲ. ಕೌಸಲ್ಯಾ ಕೂಗಿಕೊಂಡರೆ ಹೊರಗಿನವನಿಗೆ ಗೊತ್ತಾಗುತ್ತದೆ. ಆದರೆ ಕೂಗಿಕೊಂಡರೆ ಜನ ಒಳಗೆ ನುಗ್ಗುತ್ತಾರೆ, ಮೈಮೇಲಿರುವ ಸರಕೂ ಬಯಲಾಗುತ್ತದೆ ಎಂದು ಕೌಸಲ್ಯಾಳಿಗೂ ಗೊತ್ತಿತ್ತು. ಅದಕ್ಕೇ ಅವಳು ಸದ್ದಿಲ್ಲದೆ ಮೇಲೆ ಬಿದ್ದಳು. ಚಿಲಕದ ಮೇಲಿದ್ದ ಕೈಯನ್ನು ಕೀಳಲು ನೋಡಿದಳು, ಆಗದೆ ಮುಂಗೈಗೆ ಹಲ್ಲಿಟ್ಟಳು. ದ್ರೌಪದಮ್ಮ ಕೂಗದೆ ಚಿಲಕವನ್ನು ಇನ್ನೂ ಬಿಗಿಯಾಗಿ ಹಿಡಿದಳು. ಲಕ್ಕಮ್ಮ ನರಳುವುದನ್ನು ಬಿಡದೆ, ಕೂತಲ್ಲಿಂದಲೇ ಕೌಸಲ್ಯಾಳ ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಮೂವರೂ ಹಾಗೆ ಬಾಗಿಲಿಗೆ ಒತ್ತಿಕೊಂಡು ಏದುಸಿರು ಬಿಡುತ್ತಿದ್ದರು. ಹೊರಗೆ ಗಾರ್ಡು ಸೀಟಿ ಊದಿದ.

"ನೀರು ಬೇಕೇನಮ್ಮ?"

ಪೇದೆಯ ದನಿ. ದ್ರೌಪದಮ್ಮ ಚಿಲಕ ತೆಗೆದಳು. ತೆಗೆದವಳೇ ಬಾಗಿಲ ಪಕ್ಕಕ್ಕೆ ಜಾರಿ ಕೂತಳು. ನಲ್ಲಿಯ ಹತ್ತಿರ ಇಬ್ಬರು ಪೊಲೀಸರು ಕೆಂಪು ಟವೆಲಿನವನ ರಟ್ಟೆ ಹಿಡಿದಿದ್ದರು. ಅವಳ ಮುಂಗೈಯಿಂದ ರಕ್ತ ಸೀರೆಯ ಮೇಲೆ ತೊಟ್ಟಿಕ್ಕುತ್ತಿದ್ದುದು ಅವಳಿಗೆ ಆಮೇಲೆ ಗೊತ್ತಾಯಿತು.

ದಾಸರಹಳ್ಳಿಯಲ್ಲಿ ಜಯಾ ಸೇರಿ ಒತ್ತೆಯಿಟ್ಟುಕೊಂಡಿದ್ದ ಮಕ್ಕಳೆಲ್ಲ ಸಿಕ್ಕಿದ್ದರು. ಪೊಲೀಸರನ್ನು ಕಂಡು ಹೆದರಿ ಮೂಟೆಗಳ ಹಿಂದೆ ಅಡಗಿದ್ದವರನ್ನು ಮುನಿಗಂಗಪ್ಪನೇ ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಬಂದನಂತೆ. ಸೊಣ್ಣಮ್ಮನನ್ನೂ ವೆಂಕಟಸ್ವಾಮಿಯನ್ನೂ ಹಿಡಿದರು. ಕೇಸು ನಡೆಯಿತು. ದ್ರೌಪದಮ್ಮನನ್ನು ಸಾಕ್ಷಿಯೆಂದು ಕಟಕಟೆ ಹತ್ತಿಸಿದಾಗ ವೆಂಕಟಸ್ವಾಮಿಯ ವಕೀಲರು, ನೀನು ಎಷ್ಟು ಜನರನ್ನು ಸುಳ್ಳು ಹೇಳಿ ಬಿಟ್ಟೆ ಎಂದು ಎಲ್ಲರೆದುರು ಕೇಳಿದರು. ಮೂವರನ್ನು ಎಂದಳು. ಸುಳ್ಳು ಹೇಳುವವಳ ಸಾಕ್ಷಿ ಎಷ್ಟರದು ಎಂದು ಅವರು ನ್ಯಾಯಾಧೀಶರ ಕಡೆ ತಿರುಗಿದರು. ಸೊಣ್ಣಮ್ಮ, ಕೌಸಲ್ಯಾ, ಸೈಕಲ್ಲಿನವನಿಗೆ ಶಿಕ್ಷೆಯಾಯಿತು. ವೆಂಕಟಸ್ವಾಮಿ ಡಿಪೋವನ್ನು ಬಾಡಿಗೆಗೆ ಕೊಟ್ಟಿದ್ದೆ ಎಂದು ಹೇಳಿ ಹೊರಗೆ ಬಂದ. ಬಂದರೂ ಯಶವಂತಪುರದಲ್ಲಿ ನಿಲ್ಲಲಿಲ್ಲ. ಕಡಲ ಕಡೆಯ ಧಣಿಯ ಹೆಸರು ಕೋರ್ಟಿನಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಇಲಾಖೆಯವರು ದ್ರೌಪದಮ್ಮನ ಮೇಲೆ ಕೇಸು ಹಾಕಲಿಲ್ಲ, ಮತ್ತೆ ಕೆಲಸಕ್ಕೂ ಕರೆಯಲಿಲ್ಲ. ಕೋರ್ಟಿನ ಮಾತು ಊರಿಗೆ ಹಬ್ಬಿ, ಕೆಲವರು ಅವಳ ಹತ್ತಿರ ಸೊಪ್ಪು ಕೊಳ್ಳುವುದನ್ನು ಬಿಟ್ಟರು. ಒಂದು ಬೆಳಗ್ಗೆ ಎದ್ದು ನೋಡಿದರೆ ತೋಟದ ಮಡಿಗಳನ್ನೆಲ್ಲ ಯಾರೋ ತುಳಿದು, ಕಪಿಲೆಯ ಹಗ್ಗವನ್ನು ಕೊಯ್ದು ಹಾಕಿದ್ದರು. ಮುನಿಗಂಗಪ್ಪ ಹೊಸ ಹಗ್ಗ ಹೊಸೆದ. ಅಲ್ಲಿಂದ ಮುಂದೆ ಅವನು ಬಾವಿಯ ಹತ್ತಿರ ಇದ್ದಷ್ಟು ಹೊತ್ತೂ ಅವಳು ಆಚೆ ಬದಿಯಲ್ಲಿ ಏನಾದರೊಂದು ಕೆಲಸ ಹಚ್ಚಿಕೊಂಡು ಇರುತ್ತಿದ್ದಳು. ರಾಯರಿಗೆ ರಾಯಚೂರಿನ ಕಡೆಗೆ ವರ್ಗವಾಯಿತು. ಹೋಗುವ ದಿನ ತೋಟಕ್ಕೆ ಬಂದು, ಎಳನೀರು ಕುಡಿದು, ಕೈಮುಗಿದು ಹೋದರು.

ಲಕ್ಕಮ್ಮನಿಗೂ ಸಜಾ ಆಗಿತ್ತು. ಜೈಲಿನಲ್ಲೇ ಗಂಡು ಮಗು ಹುಟ್ಟಿತು. ಅಷ್ಟು ದಿನವೂ ಜಯಾ ದ್ರೌಪದಮ್ಮನ ಮನೆಯಲ್ಲಿದ್ದಳು. ಮೊದಮೊದಲು ಉಂಡ ತಟ್ಟೆಯನ್ನು ಮಂಚದ ಕೆಳಗೆ ಬಚ್ಚಿಡುತ್ತಿದ್ದಳು, ಯಾರಾದರೂ ಬಾಗಿಲು ಹಾಕಿದರೆ ಅಳುತ್ತಿದ್ದಳು. ಬರುಬರುತ್ತ ಮಡಿಗಳ ನಡುವೆ ಓಡಾಡತೊಡಗಿದಳು.

ಬಿಡುಗಡೆಯಾದ ದಿನ ಲಕ್ಕಮ್ಮ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಗಂಡ ಅವಳಿಗೆ ಮುಂಚೆಯೇ ಕಾರವಾರದ ಜೈಲಿನಿಂದ ಹೊರಗೆ ಬಂದಿದ್ದ, ಅಬ್ಬಿಗೆರೆಗೆ ಬರದೆ ಅಲ್ಲೇ ಎಲ್ಲೋ ಉಳಿದುಬಿಟ್ಟಿದ್ದ. ಜಯಾ ತಾಯಿಯನ್ನು ಕಂಡು ಒಂದು ಗಳಿಗೆ ದ್ರೌಪದಮ್ಮನ ಸೆರಗಿನ ಹಿಂದೆ ಸರಿದು, ಆಮೇಲೆ ಓಡಿ ಹೋಗಿ ಅವಳ ಕಾಲು ತಬ್ಬಿಕೊಂಡಳು. ಮುದ್ದೆ, ಬಸ್ಸಾರು ಬಡಿಸಿದರು. ಲಕ್ಕಮ್ಮ ಉಂಡು, ಕೈ ತೊಳೆದು, ಜಗಲಿಯ ಮೇಲೆ ಕೂತಳು.

"ಅವತ್ತು ಮೊದಲ್ನೇ ಸಲಾನೇ ನನ್ನ ಇಡ್ಕೊಟ್ಟಿದ್ರೆ ಚೆನ್ನಾಗಿತ್ತೋ, ಕೊನೇಗಂಟ ಬುಟ್ಟಿದ್ರೆ ಚೆನ್ನಾಗಿತ್ತೋ, ಜೈಲ್ನಾಗೆ ಕೂತ್ಕಂಡು ಅದ್ನೇ ಯೋಚ್ನೆ ಮಾಡ್ದೆ ಅಕ್ಕಾ. ಗೊತ್ತಾಗ್ನಿಲ್ಲ."

ದ್ರೌಪದಮ್ಮನಿಗೂ ಗೊತ್ತಿರಲಿಲ್ಲ. ಹಾಗೆಂದು ಹೇಳಿದಳು. ಕೂಸು ಅಳತೊಡಗಿದಾಗ ಅವಳು ಕೈ ಚಾಚಿ ಎತ್ತಿಕೊಂಡಳು. ಅಬ್ಬಿಗೆರೆಗೆ ಈಗ ಯಾರಿದ್ದಾರೆ ಎಂದು ಹೋಗುತ್ತೀಯ ಎಂದು ಕೇಳಿದಳು. ಲಕ್ಕಮ್ಮ ಜಗಲಿಯಿಂದ ಎದ್ದು ಹೋಗಲಿಲ್ಲ. ಮಾರನೆಯ ಬೆಳಗ್ಗೆ ಮುನಿಗಂಗಪ್ಪ ಎತ್ತು ಕಟ್ಟುವ ಹೊತ್ತಿಗೆ ಅವಳು ಆಗಲೇ ಸೀರೆ ಎತ್ತಿಕಟ್ಟಿ, ದಂಟಿನ ಮಡಿಗೆ ಇಳಿದು ಕಟ್ಟು ಕಟ್ಟುತ್ತಿದ್ದಳು.